29 ಇಂಚಿನ ಯೂನಿಸೈಕಲ್‌ಗೆ ಎಷ್ಟು ಉದ್ದದ ಕ್ರ್ಯಾಂಕ್?

ಪ್ರಶ್ನೆ: 20 ಇಂಚಿನ ಒಂಟಿ ಚಕ್ರದ ಯೂನಿಸೈಕಲ್‌ನಲ್ಲಿ, 125 ಮಿ.ಮೀ. ಕ್ರ್ಯಾಂಕ್‌ (ಪೆಡಲನ್ನು ಚಕ್ರದ ಅಚ್ಚಿಗೆ ಜೋಡಿಸುವ ತೋಳು) ಮೇಲೆ ಕಲಿತೆ. ಈಗ 29 ಇಂಚಿನದನ್ನು ಕೊಂಡಿದ್ದೇನೆ. ಅದಕ್ಕೆ 150 ಮಿ.ಮೀ. ಕ್ರ್ಯಾಂಕ್ ಇದೆ, ಬ್ರೇಕ್ ಇಲ್ಲ. ಸಮತಟ್ಟಾದ ರಸ್ತೆಯಲ್ಲಿ ವೇಗ ಹೆಚ್ಚಿಸಿದರೆ ಮೈ ಅತ್ತಿತ್ತ ತೂಗುತ್ತದೆ, ತೊಡೆ ಬೇಗ ದಣಿಯುತ್ತದೆ. ಗೆಳೆಯರು ನೇರವಾಗಿ 100ಕ್ಕೆ ಇಳಿಸಲು ಹೇಳುತ್ತಾರೆ. ನನ್ನ ದಾರಿಯಲ್ಲಿ ಎರಡು ಕಡಿದಾದ ಇಳಿಜಾರುಗಳಿವೆ. ಏನು ಮಾಡಲಿ? ಕೊಳ್ಳುವಾಗ ಇನ್ನೇನನ್ನು ನೋಡಬೇಕು?

ಉತ್ತರ: 100 ಬೇಡ, 125 ಹಾಕಿ.

ನಿಮ್ಮ ದಣಿವಿಗೆ ಕಾರಣ ಸ್ಪಷ್ಟವಾಗಿದೆ. 150ರ ಕ್ರ್ಯಾಂಕ್‌ನಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪಾದ ಸುಮಾರು 94 ಸೆಂ.ಮೀ. ಸುತ್ತಬೇಕು, 125ರಲ್ಲಿ 79 ಸೆಂ.ಮೀ. ಸಾಕು. ಎರಡರಲ್ಲೂ ನೀವು ಸಾಗುವ ದೂರ ಒಂದೇ, ಸುಮಾರು 2.3 ಮೀಟರ್. ಪಾದ ಏರಿಳಿಯುವ ಅಂತರವೂ 5 ಸೆಂ.ಮೀ. ತಗ್ಗುವುದರಿಂದ ಸೊಂಟ ನೆಟ್ಟಗೆ ನಿಲ್ಲುತ್ತದೆ, ತೂಗಾಟ ಇಳಿಯುತ್ತದೆ.

ಹಾಗಾದರೆ ಇನ್ನೂ ಗಿಡ್ಡದ್ದು ಇನ್ನೂ ಒಳ್ಳೆಯದಲ್ಲವೇ? ಇಲ್ಲಿ ಕ್ರ್ಯಾಂಕ್‌ನ ಉದ್ದವನ್ನು ಚಕ್ರದ ತ್ರಿಜ್ಯದಿಂದ ಭಾಗಿಸಿ ನೋಡಿ. ನೀವು ಕಲಿತ ಯೂನಿಸೈಕಲ್‌ನಲ್ಲಿ ಅದು ಸುಮಾರು 0.5. ಈಗಿನದರಲ್ಲಿ 0.41, 125 ಹಾಕಿದರೆ 0.34, 100 ಹಾಕಿದರೆ 0.27. ಅಂದರೆ ಕಾಲಿಗೆ ಒಗ್ಗಿರುವ ಹಿಡಿತದಲ್ಲಿ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಉಳಿಯುತ್ತದೆ. ಯೂನಿಸೈಕಲ್‌ನಲ್ಲಿ ಚಕ್ರ ತಿರುಗಿದಷ್ಟೂ ಪೆಡಲ್ ತಿರುಗಲೇಬೇಕು; ಓಡಿಸುವುದೂ ತಡೆಯುವುದೂ ಅದೇ ಕಾಲು. ಏರಿನಲ್ಲಿ ಬಲ ಸಾಲದಿದ್ದರೆ ಇಳಿದು ನಡೆಯಬಹುದು. ಇಳಿಜಾರಿನಲ್ಲಿ ಬಲ ಸಾಲದಿದ್ದರೆ ಚಕ್ರ ಕಾಲನ್ನೇ ಎಳೆದುಕೊಂಡು ಓಡುತ್ತದೆ, ಆಗ ಆಯ್ಕೆ ನಿಮ್ಮ ಕೈಯಲ್ಲಿರುವುದಿಲ್ಲ. ಆದ್ದರಿಂದ ಕ್ರ್ಯಾಂಕ್‌ ಉದ್ದವನ್ನು ನಾನು ಯಾವಾಗಲೂ ಇಳಿಜಾರನ್ನು ನೋಡಿಯೇ ನಿರ್ಧರಿಸುತ್ತೇನೆ. ಗೆಳೆಯರು ಹೇಳಿದ 100 ಸಮತಟ್ಟಾದ ಟ್ರ್ಯಾಕ್‌ನಲ್ಲಿ ವೇಗಕ್ಕಾಗಿ ಓಡಿಸುವವರಿಗೆ ಹೊಂದುವ ಅಳತೆ.

125ರಲ್ಲಿ ಆ ಎರಡೂ ಇಳಿಜಾರುಗಳಲ್ಲಿ ಇಳಿಯುತ್ತಿರುವಾಗಲೇ, ನೀವು ಬಯಸಿದ ಜಾಗದಲ್ಲಿ ಗಾಬರಿಯಿಲ್ಲದೆ ನಿಲ್ಲಿಸಲು ಬಂದ ಮೇಲೆ 114ರ ಮಾತು. ಬ್ರೇಕ್ ಜೋಡಿಸಿದರೆ ಲೆಕ್ಕ ಬದಲಾಗುತ್ತದೆ, ಆದರೆ ಬ್ರೇಕ್ ಹಿಡಿಯುವುದೂ ಬೇರೆಯೇ ಕಲಿಯಬೇಕಾದ ವಿದ್ಯೆ. ಪೆಡಲ್‌ಗೆ ಎರಡು ರಂಧ್ರಗಳಿರುವ ಕ್ರ್ಯಾಂಕ್ ನಿಮ್ಮ ಹಬ್‌ಗೆ (ಚಕ್ರದ ನಡುವಿನ ಭಾಗಕ್ಕೆ) ಸಿಕ್ಕರೆ ಅದನ್ನೇ ಕೊಳ್ಳಿ. ಪೆಡಲ್ ಬಿಚ್ಚಿ ಇನ್ನೊಂದು ರಂಧ್ರಕ್ಕೆ ಹಾಕಿದರೆ ಉದ್ದ ಬದಲಾಗುತ್ತದೆ. ನಿಮ್ಮ ದಾರಿಗೆ ಹೇಳಿ ಮಾಡಿಸಿದ ಸೌಲಭ್ಯ.

ಕೊಳ್ಳುವ ಮೊದಲು ಹಬ್‌ನ ಅಚ್ಚಿನ ತುದಿ ನೋಡಿ. ಅದು ಚೌಕವಾಗಿದ್ದರೆ ಸ್ಕ್ವೇರ್ ಟೇಪರ್. ಸುತ್ತಲೂ ಹತ್ತು ಹಲ್ಲುಗಳಿದ್ದರೆ ಐಸಿಸ್. ಒಂದರ ಕ್ರ್ಯಾಂಕ್ ಇನ್ನೊಂದಕ್ಕೆ ಕೂರುವುದಿಲ್ಲ. ಎತ್ತರದಿಂದ ಜಿಗಿಯುವವರಿಗೆ ಹಲ್ಲಿನದೇ ಬೇಕು, ರಸ್ತೆಗೆ ಚೌಕದ್ದು ಸಾಕು. ಚೌಕದ್ದಾದರೆ ಮೊದಲ ಕೆಲವು ಸವಾರಿಗಳ ನಂತರ ಬೋಲ್ಟನ್ನು ಮತ್ತೆ ಬಿಗಿಗೊಳಿಸಲೇಬೇಕು. ಸಡಿಲವಾದ ಅಲ್ಯೂಮಿನಿಯಂ ಕ್ರ್ಯಾಂಕ್ ಮೇಲೆ ಓಡಿಸಿದರೆ ರಂಧ್ರದ ಅಂಚು ಸವೆದು ಅದು ಮತ್ತೆಂದೂ ಗಟ್ಟಿಯಾಗಿ ಕೂರುವುದಿಲ್ಲ. ತುಳಿಯುವಾಗ ಟಕ್ ಎಂಬ ಸದ್ದು ಬಂದ ಕೂಡಲೇ ಇಳಿಯಿರಿ.

ಕ್ರ್ಯಾಂಕ್ ಹೊರಕ್ಕೆ ಎಷ್ಟು ಬಾಗಿದೆ ಎಂಬುದನ್ನೂ ಗಮನಿಸಿ. ನೇರವಾದದ್ದು ಪಾದಗಳನ್ನು ಚಕ್ರಕ್ಕೆ ಹತ್ತಿರ ತಂದು ತೂಗಾಟವನ್ನು ಇನ್ನಷ್ಟು ತಗ್ಗಿಸುತ್ತದೆ, ಆದರೆ ಕೆಲವರಿಗೆ ಕಣಕಾಲಿನ ಗಂಟು ತಾಗುತ್ತದೆ.

ಜೋಡಿಸುವಾಗ ಎಡದ್ದನ್ನು ಎಡಕ್ಕೇ ಹಾಕಿ. ಎಡ ಪೆಡಲ್‌ನ ತಿರುಪು ಉಲ್ಟಾ ಇರುತ್ತದೆ. ಚಕ್ರ ತಿರುವುಮುರುವಾದರೆ ಓಡಿಸುತ್ತಿರುವಾಗಲೇ ಪೆಡಲ್ ಬಿಚ್ಚಿಕೊಳ್ಳುತ್ತದೆ. ಆಮೇಲೆ ಸೀಟನ್ನು 25 ಮಿ.ಮೀ. ಎತ್ತರಿಸಿ. ಗಿಡ್ಡ ಕ್ರ್ಯಾಂಕ್‌ನಲ್ಲಿ ಕೆಳಗಿನ ಪೆಡಲ್ ಅಷ್ಟೇ ಮೇಲಕ್ಕೆ ಬರುತ್ತದೆ, ಸೀಟು ಹಳೆಯ ಎತ್ತರದಲ್ಲೇ ಉಳಿದರೆ ತೊಡೆಯ ದಣಿವು ಹೋಗುವುದಿಲ್ಲ.