ಏಳನೇ ದಿನ ‘ಕಳೆದ ಎರಡು ವಾರ’ದ ಬಗ್ಗೆ ಕೇಳಬೇಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಎಂ.ಎಸ್ಸಿ. ನರ್ಸಿಂಗ್ ಪ್ರಬಂಧ. ಹೊಟ್ಟೆಯ ಆಪರೇಷನ್‌ಗೆ ಬಂದವರಿಗೆ ಯೋಜಿತ ಬೋಧನಾ ಕಾರ್ಯಕ್ರಮ ಕೊಟ್ಟರೆ ಜೀವನ ಗುಣಮಟ್ಟ ಸುಧಾರಿಸುತ್ತದೆಯೇ ಅನ್ನುವುದು ವಿಷಯ. ಆಪರೇಷನ್‌ನ ಹಿಂದಿನ ದಿನ ಪ್ರೀ-ಟೆಸ್ಟ್, ಆಪರೇಷನ್ ಆದ ಏಳನೇ ದಿನ ಪೋಸ್ಟ್-ಟೆಸ್ಟ್, ಎರಡಕ್ಕೂ ಡಬ್ಲ್ಯುಎಚ್‌ಒ ಕ್ವಾಲ್-ಬ್ರೆಫ್ (ವಿಶ್ವ ಆರೋಗ್ಯ ಸಂಸ್ಥೆಯ ಜೀವನ ಗುಣಮಟ್ಟದ ಪ್ರಶ್ನಾವಳಿ), ಪಾಠ ಕೇಳುವವರು ಮತ್ತು ಕೇಳದವರು ಅಂತ ಎರಡು ಗುಂಪು, ಗುಂಪಿಗೆ 30 ಜನ. ಸಿನಾಪ್ಸಿಸ್ (ಅಧ್ಯಯನದ ಯೋಜನೆಯ ಸಾರಾಂಶ) ಹೀಗೇ ಕೊಡಬಹುದೇ?

ಹೀಗೆ ಕೊಡಬೇಡಿ. ಬ್ರೆಫ್‌ನ 26 ಪ್ರಶ್ನೆಗಳೂ ‘ಕಳೆದ ಎರಡು ವಾರ’ದ ಬಗ್ಗೆ ಕೇಳುತ್ತವೆ. ಏಳನೇ ದಿನ ಕೇಳಿದರೆ ಅದರಲ್ಲಿ ಅರ್ಧ ಭಾಗ ಆಪರೇಷನ್‌ಗೆ ಮುಂಚಿನದು. ಡ್ರೈನ್ (ಗಾಯದ ದ್ರವ ಹೊರಹೋಗಲು ಇಟ್ಟ ಕೊಳವೆ) ಹಿಡಿದುಕೊಂಡು ಬಾತ್‌ರೂಮಿಗೆ ಹೋಗಿಬರುವವರನ್ನು ‘ಓಡಾಡೋಕೆ ಎಷ್ಟರ ಮಟ್ಟಿಗೆ ಆಗುತ್ತೆ’ ಅಂದರೆ ಅವರು ಯಾವ ವಾರದ ಉತ್ತರ ಕೊಡಬೇಕು? ಪರಿಸರ ವಿಭಾಗದ ಎಂಟು ಪ್ರಶ್ನೆಗಳು ಮನೆ, ಹಣ, ಸಾರಿಗೆ ಇಂಥವು. ನಿಮ್ಮ ಬೋಧನೆಯಿಂದ ಒಂದು ವಾರದಲ್ಲಿ ಅವು ಬದಲಾಗುವುದಿಲ್ಲ. ಸಾಮಾಜಿಕ ವಿಭಾಗದಲ್ಲಿ ಇರುವುದೇ ಮೂರು, ಅದರಲ್ಲಿ ಒಂದು ಲೈಂಗಿಕ ಜೀವನದ್ದು. ಜನರಲ್ ವಾರ್ಡಿನಲ್ಲಿ, ಅತ್ತೆ ಮಂಚದ ಪಕ್ಕ ಕೂತಿರುವಾಗ ಇದನ್ನು ಕೇಳಿದರೆ ಒಂದೋ ಖಾಲಿ ಬಿಡುತ್ತಾರೆ, ಇಲ್ಲಾ ಮಧ್ಯದ ಅಂಕಕ್ಕೆ ಟಿಕ್ ಹಾಕಿಸುತ್ತಾರೆ.

ಮಾಪನ ಆರಿಸುವಾಗ ಮೊದಲು ನೋಡಬೇಕಾದದ್ದು ಅದು ಎಷ್ಟು ದಿನದ ಹಿಂದಕ್ಕೆ ಕೇಳುತ್ತದೆ ಅನ್ನುವುದು. ಆಪರೇಷನ್ ನಂತರದ ಚೇತರಿಕೆ ಅಳೆಯುವ ಕ್ಯೂಒಆರ್-15 ಕಳೆದ 24 ಗಂಟೆಯದು. ಒಟ್ಟಾರೆ ಆರೋಗ್ಯಸ್ಥಿತಿ ಅಳೆಯುವ ಇಕ್ಯೂ-5ಡಿ-5ಎಲ್ ಕೇಳುವುದು ‘ಇವತ್ತು’. ಕ್ಯಾನ್ಸರ್ ರೋಗಿಗಳ ಕ್ಯೂಎಲ್‌ಕ್ಯೂ-ಸಿ30 ಹೆಚ್ಚಿನ ಪ್ರಶ್ನೆಗಳಲ್ಲಿ ಒಂದು ವಾರ, ಎಸ್‌ಎಫ್-36ರ ಸಾಮಾನ್ಯ ರೂಪ ನಾಲ್ಕು ವಾರ. ನಿಮ್ಮ ಅಧ್ಯಯನಕ್ಕೆ ನಾನು ಹೇಳುವುದು: ಹಿಂದಿನ ದಿನ, ಮೊದಲ ದಿನ, ಮೂರನೇ ದಿನ ಕ್ಯೂಒಆರ್-15. ಹಿಂದಿನ ದಿನ ಮತ್ತು ಆರನೇ ವಾರ ಇಕ್ಯೂ-5ಡಿ-5ಎಲ್. ಇದಕ್ಕೆ ಭಾರತದ್ದೇ ಮೌಲ್ಯಪಟ್ಟಿ (ಉತ್ತರಗಳನ್ನು ಒಂದೇ ಅಂಕಕ್ಕೆ ತರುವ ಕೋಷ್ಟಕ) 2022ರಲ್ಲಿ ಪ್ರಕಟವಾಗಿದೆ, ಇಂಗ್ಲೆಂಡಿನದನ್ನು ಹಾಕಬೇಡಿ. ಗೈಡ್ ಬ್ರೆಫ್ ಬೇಕೇ ಬೇಕು ಅಂದರೆ ಅದನ್ನೂ ಆರನೇ ವಾರಕ್ಕೆ ತಳ್ಳಿ. ತುರ್ತು ಆಪರೇಷನ್‌ನವರನ್ನು ಸೇರಿಸಬೇಡಿ, ಅವರಿಗೆ ಪ್ರೀ-ಟೆಸ್ಟೇ ಸಿಗುವುದಿಲ್ಲ.

ಕ್ಯೂಒಆರ್-15ರಲ್ಲಿ ಎಡವುವ ಜಾಗ ಒಂದಿದೆ. 15 ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 10, ಒಟ್ಟು 150. ಮೊದಲ ಹತ್ತು ಒಳ್ಳೆಯ ಸಂಗತಿಗಳು: ಆರಾಮಾಗಿ ಉಸಿರಾಡಿದಿರಾ, ನಿದ್ದೆ ಬಂತಾ. ಅಲ್ಲಿ 10 ಅಂದರೆ ಯಾವಾಗಲೂ. ಕೊನೆಯ ಐದು ನೋವು (ಮಧ್ಯಮ, ತೀವ್ರ ಅಂತ ಎರಡು ಪ್ರಶ್ನೆ), ವಾಕರಿಕೆ, ಆತಂಕ, ಬೇಸರ. ಅಲ್ಲಿ ಅಳತೆ ತಿರುಗಿಕೊಂಡು 10 ಅಂದರೆ ಒಮ್ಮೆಯೂ ಇಲ್ಲ. ಬಾಯಲ್ಲಿ ಕೇಳುವಾಗ ‘ನೋವು ಎಷ್ಟು, ಹತ್ತಕ್ಕೆ?’ ಅಂದುಬಿಡುತ್ತೇವೆ, ರೋಗಿ ‘ಎಂಟು’ ಅನ್ನುತ್ತಾರೆ, ಹಾಳೆಯಲ್ಲಿ 8 ಬೀಳುತ್ತದೆ, ಅಂದರೆ ನೋವೇ ಇಲ್ಲ ಅನ್ನುವಷ್ಟು ಚೆನ್ನಾಗಿದ್ದಾರೆ ಅಂತಾಗುತ್ತದೆ. ಕೊನೆಯ ಐದಕ್ಕೆ ಹಾಳೆಯನ್ನು ಅವರ ಮುಂದೆ ಹಿಡಿದು, ಎರಡೂ ತುದಿ ಓದಿ ಹೇಳಿ, ಬೆರಳಿಟ್ಟು ತೋರಿಸಲು ಹೇಳಿ. ಇನ್ನೊಂದು: ಎಷ್ಟು ಅಂಕದ ಬದಲಾವಣೆ ರೋಗಿಗೆ ಅನುಭವಕ್ಕೆ ಬರುತ್ತದೆ ಅನ್ನುವುದಕ್ಕೆ ಸಂಶೋಧಕರು 2016ರಲ್ಲಿ 8 ಅಂದಿದ್ದರು, 2021ರಲ್ಲಿ 6ಕ್ಕೆ ಇಳಿಸಿದರು. ಗುಂಪುಗಳ ಸರಾಸರಿಯಲ್ಲಿ 3 ಅಂಕದ ವ್ಯತ್ಯಾಸ ಬಂದು ಪಿ-ಮೌಲ್ಯ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಅಂತರ ಕಾಣುವ ಸಾಧ್ಯತೆ) 0.03 ಇದ್ದರೆ ‘ಪರಿಣಾಮಕಾರಿ’ ಎಂದು ಬರೆಯಲು ಅವಸರ ಬೇಡ.

ಬ್ರೆಫ್‌ನಲ್ಲೂ ಇಂಥದ್ದೇ ಇದೆ. 3, 4, 26ನೇ ಪ್ರಶ್ನೆಗಳಲ್ಲಿ ಹೆಚ್ಚು ಅಂಕ ಅಂದರೆ ಹೆಚ್ಚು ತೊಂದರೆ, ಹಾಗಾಗಿ ಆ ಅಂಕವನ್ನು 6ರಿಂದ ಕಳೆದು ತಿರುಗಿಸಬೇಕು. ದೈಹಿಕ ವಿಭಾಗದ ಏಳು ಪ್ರಶ್ನೆಗೆ (3, 4, 10, 15, 16, 17, 18) ಒಬ್ಬರ ಉತ್ತರ 4, 5, 2, 2, 3, 2, 1 ಅಂತಿಟ್ಟುಕೊಳ್ಳಿ. ತಿರುಗಿಸಿದರೆ ಮೊದಲೆರಡು 2 ಮತ್ತು 1 ಆಗುತ್ತವೆ, ಮೊತ್ತ 13, ಸರಾಸರಿ 1.86, ನಾಲ್ಕರಿಂದ ಗುಣಿಸಿದರೆ 7.43, ಅದರಿಂದ 4 ಕಳೆದು 6.25ರಿಂದ ಗುಣಿಸಿದರೆ ನೂರಕ್ಕೆ 21. ಮರೆತರೆ ಮೊತ್ತ 19, ನೂರಕ್ಕೆ 43. ನೋವಿನಲ್ಲಿ ಮಲಗಿದವರ ಅಂಕ ಇಮ್ಮಡಿ! ಎಕ್ಸೆಲ್‌ನಲ್ಲಿ ಸೂತ್ರ ಹಾಕಿದ ಮೇಲೆ ಐದು ಹಾಳೆಗಳನ್ನಾದರೂ ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡಿ.

ಬ್ರೆಫ್, ಇಕ್ಯೂ-5ಡಿ ಎರಡಕ್ಕೂ ಅಧಿಕೃತ ಕನ್ನಡ ರೂಪ ಇದೆ. ಹಕ್ಕುದಾರರಿಗೆ ಬರೆದು ಅನುಮತಿಯ ಜೊತೆ ತರಿಸಿಕೊಳ್ಳಿ, ಸೀನಿಯರ್ ಪ್ರಬಂಧದ ಹಿಂಬದಿಯಿಂದ ಜೆರಾಕ್ಸ್ ಮಾಡಬೇಡಿ. ನೀವೇ ತರ್ಜುಮೆ ಮಾಡಬೇಕಾಗಿ ಬಂದರೆ ಇಬ್ಬರು ಬೇರೆಬೇರೆಯಾಗಿ ಕನ್ನಡಕ್ಕೆ ತರಲಿ, ಎರಡನ್ನೂ ಕೂಡಿಸಿ ಒಂದು ಮಾಡಿ, ಮೂಲ ನೋಡದ ಇನ್ನೊಬ್ಬರು ವಾಪಸ್ ಇಂಗ್ಲಿಷಿಗೆ ಮಾಡಲಿ. ಆಮೇಲೆ ಎಂಟು ಹತ್ತು ರೋಗಿಗಳನ್ನು ‘ಈ ಪ್ರಶ್ನೆ ಏನು ಕೇಳ್ತಿದೆ ಅನ್ಸುತ್ತೆ?’ ಅಂತ ಕೇಳಿ. ಮಧ್ಯದ ಆಯ್ಕೆಗೆ ‘ಪರವಾಗಿಲ್ಲ’ ಹಾಕಲೇಬೇಡಿ. ಒಬ್ಬರಿಗೆ ಅದು ಸುಮಾರಾಗಿದೆ, ಇನ್ನೊಬ್ಬರಿಗೆ ಚೆನ್ನಾಗಿದೆ, ಮತ್ತೊಬ್ಬರಿಗೆ ‘ಇರಲಿ ಬಿಡಿ ಸಿಸ್ಟರ್’.

ಪಾಠ ಹೇಳಿದವರೇ ಪೋಸ್ಟ್-ಟೆಸ್ಟ್ ತೆಗೆದುಕೊಳ್ಳಬಾರದು. ನೀವು ಮುಕ್ಕಾಲು ಗಂಟೆ ಕೂತು ಉಸಿರಾಟದ ವ್ಯಾಯಾಮ ಕಲಿಸಿರುತ್ತೀರಿ, ನಿಮ್ಮ ಮುಖ ನೋಡಿಕೊಂಡು ‘ಆಗಲಿಲ್ಲ’ ಅನ್ನೋಕೆ ಯಾರಿಗೂ ಮನಸ್ಸು ಬರುವುದಿಲ್ಲ. ಯಾರು ಯಾವ ಗುಂಪು ಅಂತ ಗೊತ್ತಿಲ್ಲದ ಸಹಪಾಠಿಯ ಕೈಲಿ ಮಾಡಿಸಿ. ಉತ್ತರ ರೋಗಿಯ ಬಾಯಿಂದಲೇ ಬರಬೇಕು. ಜೊತೆಗಿದ್ದವರು ಹೇಳಿದ್ದಾದರೆ ಹಾಳೆಯಲ್ಲಿ ಗುರುತು ಹಾಕಿ. ಎರಡು ಗುಂಪೂ ಒಂದೇ ವಾರ್ಡಿನಲ್ಲಿದ್ದರೆ ಪಕ್ಕದ ಮಂಚದವರೂ ಪಾಠ ಕೇಳಿಸಿಕೊಳ್ಳುತ್ತಾರೆ. ಹಾಗಾಗಿ ಪಾಠವನ್ನು ಬೇರೆ ಕೋಣೆಯಲ್ಲಿ ಮಾಡಿ.

ಗುಂಪಿಗೆ 30 ಎಲ್ಲಿಂದ ಬಂತು? ಸರಳ ಲೆಕ್ಕ, 80 ಪ್ರತಿಶತ ಪವರ್‌ಗೆ (ನಿಜವಾದ ವ್ಯತ್ಯಾಸ ಇದ್ದರೆ ಅದು ಅಧ್ಯಯನದಲ್ಲಿ ಕಾಣುವ ಸಾಧ್ಯತೆ): 16ನ್ನು ಎಸ್.ಡಿ.ಯ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ವರ್ಗದಿಂದ ಗುಣಿಸಿ, ನಿಮಗೆ ಬೇಕಾದ ವ್ಯತ್ಯಾಸದ ವರ್ಗದಿಂದ ಭಾಗಿಸಿ. ವ್ಯತ್ಯಾಸ ಅರ್ಧ ಎಸ್.ಡಿ. ಅಂದರೆ ಗುಂಪಿಗೆ 64. ಐದರಲ್ಲಿ ಒಬ್ಬರು ಕೈಬಿಟ್ಟು ಹೋಗುತ್ತಾರೆ ಅಂತ ಹಿಡಿದರೆ 80. ಮೂವತ್ತರಲ್ಲಿ ನಿಮಗೆ ಕಾಣುವುದು ಮುಕ್ಕಾಲು ಎಸ್.ಡಿ.ಯಷ್ಟು ದೊಡ್ಡ ವ್ಯತ್ಯಾಸ ಮಾತ್ರ, ಒಂದು ಬೋಧನಾ ಕಾರ್ಯಕ್ರಮದಿಂದ ಅಷ್ಟನ್ನು ನಿರೀಕ್ಷಿಸುವುದು ಜಾಸ್ತಿಯಾಯಿತು.

ಆರನೇ ವಾರಕ್ಕೆ ಎಲ್ಲರೂ ಓಪಿಡಿಗೆ ಬರುವುದಿಲ್ಲ. ಪೂರ್ತಿ ಹುಷಾರಾದವರೂ ಬರುವುದಿಲ್ಲ, ಗಾಯ ಕೀವಾಗಿ ಊರಿನ ಡಾಕ್ಟರ ಹತ್ತಿರ ಹೋದವರೂ ಬರುವುದಿಲ್ಲ. ಡಿಸ್ಚಾರ್ಜ್ ದಿನವೇ ರೋಗಿಯದ್ದಲ್ಲದೆ ಮನೆಯ ಇನ್ನೊಬ್ಬರ ನಂಬರನ್ನೂ ಬರೆದುಕೊಳ್ಳಿ. ಫೋನ್ ಮಾಡಲು ಒಪ್ಪಿಗೆ ಪತ್ರದಲ್ಲೇ ಒಂದು ಸಾಲು ಇರಲಿ. ಸಂಜೆ ಏಳರ ನಂತರ ಮಾಡಿ, ಹಗಲು ಹೊಲದಲ್ಲಿರುತ್ತಾರೆ. ಮೂರು ಸಲ ಮಾಡಿಯೂ ಸಿಗದವರ ವಯಸ್ಸು, ಆಪರೇಷನ್ ಯಾವುದು, ಮೂರನೇ ದಿನದ ಅಂಕ ಎಷ್ಟಿತ್ತು ಎಂದು ಬೇರೆ ಕೋಷ್ಟಕದಲ್ಲಿ ಕೊಡಿ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಈ ಕೋಷ್ಟಕದ ಮೇಲೆ ಪ್ರಶ್ನೆ ಬಂದೇ ಬರುತ್ತದೆ.