ಹಳೇ ಸೀಲ್ ಬಿಸಾಡುವ ಮುಂಚೆ ಒಮ್ಮೆ ತಿರುಗಿಸಿ ನೋಡಿ

ಪ್ರಶ್ನೆ: ನಮ್ಮ ಟಿಪ್ಪಿಂಗ್ ಟ್ರೇಲರ್‌ನ ಜಾಕ್‌ನಲ್ಲಿ ರಾಡ್ ಹತ್ತಿರ ಎಣ್ಣೆ ಸೋರುತ್ತದೆ. ಒಂದೇ ವರ್ಷದಲ್ಲಿ ಮೂರು ಸಲ ಸೀಲ್ ಕಿಟ್ ಹಾಕಿಸಿದೆ. ಎರಡು ತಿಂಗಳಿಗೆ ಮತ್ತೆ ಅದೇ ಕಥೆ. ದುಬಾರಿ ಕಿಟ್ ಹಾಕಿದರೂ ಅಷ್ಟೇ, ಅಗ್ಗದ್ದು ಹಾಕಿದರೂ ಅಷ್ಟೇ. ಯಾವ ಸೀಲ್ ತಗೊಳ್ಳಲಿ? (ರಾಣೆಬೆನ್ನೂರಿನ ಓದುಗರು)

ಮೂರು ಬೇರೆ ಬೇರೆ ಕಿಟ್ ಒಂದೇ ರೀತಿ ಹೋಗಿವೆ ಅಂದರೆ ತಪ್ಪು ಸೀಲ್‌ದಲ್ಲ. ನಾಲ್ಕನೆಯದನ್ನು ತರುವ ಮುಂಚೆ ಜಾಕ್ ಬಿಚ್ಚಿಸಿ, ರಾಡನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಬೆರಳಿನ ಉಗುರನ್ನು ಅದರ ಉದ್ದಕ್ಕೂ ಮೆಲ್ಲಗೆ ಎಳೆಯಿರಿ. ನಾಲ್ಕೂ ಕಡೆ ಎಳೆಯಿರಿ. ಎಲ್ಲಾದರೂ ಉಗುರು ತಡೆದರೆ ಕಾರಣ ಸಿಕ್ಕಿತು. ರಾಡ್ ಮೇಲೆ ಹಾರ್ಡ್ ಕ್ರೋಮ್ ಲೇಪ ಇರುತ್ತದೆ. ಜಲ್ಲಿ ಬಡಿದು ಅದು ಎದ್ದಿರಬಹುದು, ಇಲ್ಲವೇ ತುಕ್ಕಿನಿಂದ ಸಣ್ಣ ಸಣ್ಣ ಗುಳಿ ಬಿದ್ದಿರಬಹುದು. ಟ್ರೇಲರ್ ಎತ್ತಿ ಇಳಿಸಿದಾಗಲೆಲ್ಲ ಆ ಗುಳಿಯ ಅಂಚು ಸೀಲ್‌ನ ತುಟಿಯನ್ನು, ಅಂದರೆ ರಾಡಿಗೆ ತಾಗುವ ಅಂಚನ್ನು, ಬ್ಲೇಡಿನ ಹಾಗೆ ಕೆರೆಯುತ್ತದೆ. ಅದರ ಮುಂದೆ ಯಾವ ಸೀಲೂ ನಿಲ್ಲುವುದಿಲ್ಲ.

ಒಂದೆರಡು ಸಣ್ಣ ಗೀರಾದರೆ ನಯವಾದ ಎಣ್ಣೆಕಲ್ಲಿನಿಂದ ಅಂಚು ಸವರಿಸಬಹುದು. ಸವರುವಾಗ ರಾಡ್ ಸುತ್ತ ಸವರಬೇಕು, ಉದ್ದಕ್ಕೆ ಎಳೆಯಬಾರದು. ಉದ್ದಕ್ಕೆ ಎಮರಿ ಉಜ್ಜಿದರೆ ಎಣ್ಣೆ ಆಚೆ ಬರಲು ನೀವೇ ಕಾಲುವೆ ತೋಡಿಕೊಟ್ಟ ಹಾಗೆ. ಗುಳಿ ಆಳವಾಗಿದ್ದರೆ ಮತ್ತೆ ಕ್ರೋಮ್ ಹಾಕಿಸಿ ಗ್ರೈಂಡ್ ಮಾಡಿಸಬೇಕು, ಇಲ್ಲಾಂದ್ರೆ ಹೊಸ ರಾಡ್. ಖರ್ಚು ಜಾಸ್ತಿ, ಗೊತ್ತು. ಆದರೆ ಮೂರು ಕಿಟ್, ಮೂರು ಸಲದ ಕೂಲಿ, ಸೋರಿಹೋದ ಎಣ್ಣೆ ಎಲ್ಲ ಕೂಡಿಸಿ ನೋಡಿ.

ರಾಡ್ ನುಣ್ಣಗಿದ್ದರೆ ಆಗ ಹಳೇ ಸೀಲ್ ಕೈಗೆ ತಗೊಳ್ಳಿ. ನನ್ನ ಹತ್ತಿರ ಸೋರಿಕೆ ಅಂತ ಬಂದವರನ್ನು ನಾನು ಮೊದಲು ಕೇಳುವುದೇ ಇದನ್ನು: ಹಳೇದು ಎಲ್ಲಿ? ಹತ್ತರಲ್ಲಿ ಒಂಬತ್ತು ಜನ ಬಿಸಾಡಿ ಬಂದಿರುತ್ತಾರೆ. ತುಟಿ ಒಂದೇ ಪಕ್ಕ ಸವೆದಿದ್ದರೆ ರಾಡನ್ನು ನೇರ ಹಿಡಿಯುವ ಗೈಡ್ ಬುಷ್ ಹೋಗಿದೆ, ರಾಡ್ ಓಲಾಡುತ್ತಿದೆ ಅಂತ ಅರ್ಥ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಎಣ್ಣೆ ಮಿತಿಮೀರಿ ಕಾಯುತ್ತಿದೆ. ಮೆತ್ತಗಾಗಿ ಊದಿಕೊಂಡಿದ್ದರೆ ಎಣ್ಣೆಗೂ ರಬ್ಬರಿಗೂ ಹೊಂದಿಕೆಯಿಲ್ಲ. ಹಿಂಭಾಗದ ಅಂಚನ್ನು ಇಲಿ ಕಡಿದ ಹಾಗಿದ್ದರೆ ಒತ್ತಡಕ್ಕೆ ಸೀಲ್ ಹಿಂದಿನ ಸಂದಿಗೆ ನುಗ್ಗಿದೆ. ಅಲ್ಲಿಗೆ ಸೀಲ್ ಬೆನ್ನಿಗೆ ಆನಿಕೆಯಾಗಿ ಗಟ್ಟಿ ಬ್ಯಾಕಪ್ ರಿಂಗ್ ಬೇಕು, ಜೊತೆಗೆ ಆ ಸಂದಿ ಅಷ್ಟು ಯಾಕೆ ಅಗಲವಾಯಿತು ಅಂತಲೂ ನೋಡಬೇಕು. ತುಟಿಯಲ್ಲಿ ಒಂದೇ ಒಂದು ಚೂಪಾದ ಕೊಯ್ತ ಇದ್ದರೆ ಅದು ಹಾಕುವಾಗಲೇ ಆದದ್ದು. ರಾಡ್ ತುದಿಯ ಥ್ರೆಡ್ ಮೇಲೆ ಹಾಗೇ ತಳ್ಳಿರುತ್ತಾರೆ. ಥ್ರೆಡ್‌ಗೆ ನಾಲ್ಕು ಸುತ್ತು ಟೇಪ್ ಸುತ್ತಿ, ಎಣ್ಣೆ ಸವರಿ ತೂರಿಸಿದ್ದರೆ ಉಳಿಯುತ್ತಿತ್ತು.

ಇನ್ನು ಯಾವುದು ಅಂದರೆ, ರಾಡ್‌ಗೆ ಪಾಲಿಯುರೇಥೇನ್, ಅಂದರೆ ಅಂಗಡಿಯವರು ಪಿಯು ಅನ್ನುವ ಸೀಲ್. ಸವೆತಕ್ಕೆ ಅದು ಮಾಮೂಲಿ ಸೀಲಿನ ರಬ್ಬರಾದ ನೈಟ್ರೈಲ್‌ಗಿಂತ ಗಟ್ಟಿ. ಯು ಆಕಾರದ ಸೀಲ್ ಆದರೆ ಬಾಯಿ ಎಣ್ಣೆಯ ಕಡೆಗೆ ಇರಬೇಕು. ಉಲ್ಟಾ ಹಾಕಿ ಕಳಿಸಿದವರನ್ನೂ ಕಂಡಿದ್ದೇನೆ. ಹೊರಗಿನ ವೈಪರ್ ಬದಲಿಸಲು ಮರೆಯಬೇಡಿ. ರಾಡ್ ಮೇಲೆ ಒಣಗಿದ ಕೆಸರನ್ನು ಒಳಗೆ ಬಿಡದೆ ಕೆರೆದು ಹಾಕುವುದು ಅದೇ. ಸೀಲ್ ಹೊಸದು, ವೈಪರ್ ಹಳೇದು ಅಂತಾದರೆ ನಿಮ್ಮ ದುಡ್ಡು ಮಣ್ಣಿಗೆ ಹೋಯಿತು.

ಪ್ರಶ್ನೆ: ಅಕ್ಕಿ ಗಿರಣಿಯ ಗೇರ್‌ಬಾಕ್ಸ್‌ಗೆ ಹೊಸ ಆಯಿಲ್ ಸೀಲ್ ಹಾಕಿದ ವಾರಕ್ಕೇ ಜಿನುಗಲು ಶುರು. ಮೇಲೆ ಟಿಸಿ 35-52-7 ಅಂತ ಇದೆ. ಅಂಗಡಿಯಲ್ಲಿ ಎಸ್‌ಸಿ ಕೊಡಲಾ ಅಂತ ಕೇಳುತ್ತಾರೆ. ಏನು ವ್ಯತ್ಯಾಸ? (ಗಂಗಾವತಿ)

35 ಅಂದರೆ ಶಾಫ್ಟ್, 52 ಅಂದರೆ ಸೀಲ್ ಕೂರುವ ಬೋರ್, 7 ಅಂದರೆ ದಪ್ಪ. ಎಲ್ಲ ಮಿಲಿಮೀಟರ್‌ನಲ್ಲಿ. ಟಿಸಿಯಲ್ಲಿ ಎರಡು ತುಟಿ. ಒಳಗಿನದಕ್ಕೆ ಸ್ಪ್ರಿಂಗ್ ಇದ್ದು ಎಣ್ಣೆ ತಡೆಯುತ್ತದೆ, ಹೊರಗಿನ ಚಿಕ್ಕದು ಧೂಳು ತಡೆಯುತ್ತದೆ. ಎಸ್‌ಸಿಗೆ ಆ ಧೂಳಿನ ತುಟಿ ಇಲ್ಲ. ತೌಡು, ಉಮಿ ಹಾರಾಡುವ ಜಾಗಕ್ಕೆ ಟಿಸಿಯೇ ಬೇಕು. ಎರಡು ತುಟಿಗಳ ನಡುವೆ ಸ್ವಲ್ಪ ಗ್ರೀಸ್ ತುಂಬಿ ಹಾಕಿ.

ಈಗ ಜಿನುಗುವ ವಿಷಯ. ಮೊದಲು ಗೇರ್‌ಬಾಕ್ಸ್ ನೆತ್ತಿಯ ಬ್ರೀದರ್, ಅಂದರೆ ಗಾಳಿ ಆಡುವ ಕಿಂಡಿ, ನೋಡಿ. ಗಿರಣಿಯಲ್ಲಿ ಅದು ತೌಡಿನಿಂದ ಮುಚ್ಚಿಹೋಗಿರುವುದೇ ಹೆಚ್ಚು. ಬಾಕ್ಸ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲ, ಎಣ್ಣೆಯನ್ನು ತುಟಿಯ ಕೆಳಗಿಂದ ತಳ್ಳುತ್ತದೆ. ಸಾಮಾನ್ಯ ಆಯಿಲ್ ಸೀಲ್ ತಡೆಯುವುದು ಸುಮಾರು 0.3 ಬಾರ್ ಒತ್ತಡ ಮಾತ್ರ. ಕಾರಿನ ಟೈರಿನಲ್ಲಿ ಎರಡು ಬಾರ್ ಇರುತ್ತದೆ, ಅದರ ಎದುರು ಇದೇನೂ ಅಲ್ಲ. ಬ್ರೀದರ್ ತೊಳೆಯಲು ಐದು ನಿಮಿಷ, ಖರ್ಚಿಲ್ಲ.

ಆಮೇಲೆ ಶಾಫ್ಟ್. ಹಳೇ ಸೀಲ್ ಕೂತ ಕಡೆ ಹೊಳೆಯುವ ಗೆರೆ ಕಾಣುತ್ತದಾ? ಉಗುರಿಗೆ ತಗಲುತ್ತದಾ? ಮೆತ್ತನೆ ರಬ್ಬರು ಉಕ್ಕನ್ನು ಹೇಗೆ ತಿಂದಿತು ಅಂತ ಆಶ್ಚರ್ಯ ಬೇಡ. ಧೂಳು ರಬ್ಬರಿನಲ್ಲಿ ಹೂತುಕೊಂಡು ಸಾಣೆಕಲ್ಲಿನ ಕೆಲಸ ಮಾಡಿದೆ. ಬೋರ್‌ನಲ್ಲಿ ಜಾಗ ಇದ್ದರೆ ಹೊಸ ಸೀಲನ್ನು ಎರಡು ಮಿಲಿಮೀಟರ್ ಆಚೀಚೆ ಕೂರಿಸಿ, ತುಟಿ ಹೊಸ ಜಾಗಕ್ಕೆ ಬರಲಿ. ಇಲ್ಲದಿದ್ದರೆ ಶಾಫ್ಟ್ ಮೇಲೆ ತೆಳು ಸ್ಲೀವ್ (ಲೋಹದ ಕೊಳವೆ) ಏರಿಸಿ. ಲೇತ್‌ನಲ್ಲಿ ಟರ್ನ್ ಮಾಡಿಸಿ ಹಾಗೇ ಬಿಡಬೇಡಿ. ಟೂಲ್ ಬಿಟ್ಟ ಸುರುಳಿ ಗೆರೆಗಳು ಸ್ಕ್ರೂ ಹಾಗೆ ಎಣ್ಣೆಯನ್ನು ಆಚೆ ಎಳೆಯುತ್ತವೆ. ಕಣ್ಣಿಗೆ ಕಾಣುವುದೇ ಇಲ್ಲ, ಆದರೂ ಎಳೆಯುತ್ತವೆ. ಟೂಲನ್ನು ಪಕ್ಕಕ್ಕೆ ಸರಿಸದೆ ನೇರ ಒಳಗೆ ಒತ್ತುವ ಗ್ರೈಂಡಿಂಗ್ ಕೇಳಿ ಮಾಡಿಸಿ.

ರಬ್ಬರ್ ನೈಟ್ರೈಲ್ ಸಾಕು. ತುಟಿಯ ಕೆಳಗೆ ಶಾಫ್ಟ್ ಉಜ್ಜುವ ವೇಗದ ಲೆಕ್ಕ ಸುಲಭ: ಶಾಫ್ಟ್ ಮಿಲಿಮೀಟರ್ × 3.14 × ಆರ್‌ಪಿಎಂ, ಅದನ್ನು 60000ದಿಂದ ಭಾಗಿಸಿ. ನಿಮ್ಮದು 1440 ಆರ್‌ಪಿಎಂ ಆದರೂ ಸೆಕೆಂಡಿಗೆ 2.6 ಮೀಟರ್ ಅಷ್ಟೇ. 10 ಮೀಟರ್ ಒಳಗೆ, ಎಣ್ಣೆ 100 ಡಿಗ್ರಿ ದಾಟದಿದ್ದರೆ, ದುಬಾರಿ ರಬ್ಬರಿಗೆ ಹೋಗಬೇಕಿಲ್ಲ.

ಪ್ರಶ್ನೆ: ತೋಟದ ಪಂಪಿನ ಮೆಕ್ಯಾನಿಕಲ್ ಸೀಲ್ ಆರು ತಿಂಗಳೂ ಬರುತ್ತಿಲ್ಲ. ಗ್ಲ್ಯಾಂಡ್ ಪ್ಯಾಕಿಂಗ್ ಪಂಪೇ ವಾಸಿ ಅನ್ನುತ್ತಾರೆ. ಹೌದಾ? (ಚನ್ನಗಿರಿ)

ಮೆಕ್ಯಾನಿಕಲ್ ಸೀಲ್ ಅಂದರೆ ಎರಡು ನುಣ್ಣನೆ ಬಿಲ್ಲೆ. ಒಂದು ಶಾಫ್ಟ್ ಜೊತೆ ತಿರುಗುತ್ತದೆ, ಇನ್ನೊಂದು ನಿಂತಿರುತ್ತದೆ. ಸ್ಪ್ರಿಂಗ್ ಎರಡನ್ನೂ ಒತ್ತಿ ಹಿಡಿದಿರುತ್ತದೆ. ಮಧ್ಯೆ ಕಣ್ಣಿಗೆ ಕಾಣದಷ್ಟು ತೆಳು ನೀರಿನ ಪದರ ಇರುತ್ತದೆ, ಅದೇ ಅದರ ಎಣ್ಣೆ. ನೀರಿಲ್ಲದೆ ಪಂಪ್ ಓಡಿದರೆ ಬಿಲ್ಲೆ ಕಾದು ಕೆಂಡವಾಗುತ್ತದೆ. ಆಗ ತಟ್ಟನೆ ತಣ್ಣೀರು ಬಿದ್ದರೆ ಸೆರಾಮಿಕ್ ಬಿಲ್ಲೆ ಸೀಳುತ್ತದೆ.

ಹಳೇ ಬಿಲ್ಲೆಯಲ್ಲಿ ಬಿರುಕಿದ್ದರೆ ಫುಟ್‌ವಾಲ್ವ್, ಅಂದರೆ ಪೈಪಿನ ತಳದಲ್ಲಿದ್ದು ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್, ರಿಪೇರಿ ಮಾಡಿಸಿ. ರಾತ್ರಿ ಕರೆಂಟ್ ಬಂದಾಗ ಆಟೋ ಸ್ಟಾರ್ಟರ್ ಖಾಲಿ ಪೈಪಿನ ಮೇಲೆ ಪಂಪ್ ಓಡಿಸಿರುತ್ತದೆ, ನೀವು ಮಲಗಿರುತ್ತೀರಿ. ಬಿರುಕಿಲ್ಲದೆ ಬಿಲ್ಲೆಯಲ್ಲಿ ಉಂಗುರ ಉಂಗುರವಾಗಿ ಗೀರಿದ್ದರೆ ಮರಳಿನ ಕೆಲಸ. ಹಾಗಿದ್ದರೆ ಕಾರ್ಬನ್-ಸೆರಾಮಿಕ್ ಬಿಟ್ಟು ಎರಡೂ ಬಿಲ್ಲೆ ಸಿಲಿಕಾನ್ ಕಾರ್ಬೈಡ್ ಇರುವುದು ಕೇಳಿ. ಮರಳಿಗೆ ಅದು ಬಗ್ಗುವುದಿಲ್ಲ. ಆದರೆ ನೀರಿಲ್ಲದೆ ಓಡುವುದನ್ನು ಕಾರ್ಬನ್‌ನಷ್ಟೂ ತಡೆಯುವುದಿಲ್ಲ. ಹಾಗಾಗಿ ಫುಟ್‌ವಾಲ್ವ್ ಎರಡಕ್ಕೂ ಮುಖ್ಯ.

ಗ್ಲ್ಯಾಂಡ್ ಪ್ಯಾಕಿಂಗ್, ಅಂದರೆ ಶಾಫ್ಟ್ ಸುತ್ತ ತುರುಕಿ ನಟ್‌ನಿಂದ ಅದುಮುವ ಹುರಿ, ಕೆಟ್ಟದ್ದಲ್ಲ, ಊರಿನಲ್ಲೇ ರಿಪೇರಿ ಆಗುತ್ತದೆ. ಆದರೆ ಅದು ಹನಿಯುತ್ತಲೇ ಇರಬೇಕು. ಆ ಹನಿಯೇ ಅದನ್ನು ತಂಪಾಗಿಡುವುದು. ಹನಿ ನಿಲ್ಲಲಿ ಅಂತ ನಟ್ ಬಿಗಿ ಮಾಡಿದರೆ ಪ್ಯಾಕಿಂಗ್ ಸುಟ್ಟು ಶಾಫ್ಟನ್ನೂ ತಿನ್ನುತ್ತದೆ.

ಪ್ರಶ್ನೆ: ಸ್ಟೀಮ್ ಲೈನಿನ ವಾಲ್ವ್‌ಗೆ ಎಲ್ಲಕ್ಕಿಂತ ಒಳ್ಳೆಯದು ಅಂತ ವೈಟಾನ್ ಓ ರಿಂಗ್ ಹಾಕಿದೆವು. ಗಟ್ಟಿಯಾಗಿ ಒಡೆದೇ ಹೋಯಿತು. (ಹೊಸಪೇಟೆ)

ಎಲ್ಲಕ್ಕಿಂತ ಒಳ್ಳೆಯ ರಬ್ಬರ್ ಅಂತ ಒಂದಿಲ್ಲ. ವೈಟಾನ್ ಬಿಸಿ ಎಣ್ಣೆಗೆ 200 ಡಿಗ್ರಿವರೆಗೆ ನಿಲ್ಲುತ್ತದೆ, ಆದರೆ ಅದರಲ್ಲಿ ಸಾಮಾನ್ಯ ದರ್ಜೆಯವು ಸ್ಟೀಮಿಗೆ ಸೋಲುತ್ತವೆ. ಚಳಿಗೂ ಅಷ್ಟೆ. 1986ರ ಜನವರಿ 28ರಂದು ಸಿಡಿದುಹೋದ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಬೂಸ್ಟರ್ ಜೋಡಣೆಯಲ್ಲಿ ಇದ್ದದ್ದೂ ವೈಟಾನ್ ಓ ರಿಂಗೇ. ಆ ಬೆಳಿಗ್ಗೆಯ ಕೊರೆತಕ್ಕೆ ರಬ್ಬರ್ ಬೇಗ ಹಿಗ್ಗಿ ಸಂದಿ ಮುಚ್ಚಲಿಲ್ಲ. ವಿಚಾರಣೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಒಂದು ತುಂಡನ್ನು ಕ್ಲ್ಯಾಂಪಿನಲ್ಲಿ ಅದುಮಿ ಐಸ್ ನೀರಿಗೆ ಅದ್ದಿ ತೋರಿಸಿದ್ದು ಅದನ್ನೇ.

ನಿಮಗೆ ಬೇಕಾದ್ದು ಇಪಿಡಿಎಂ ಅನ್ನುವ ರಬ್ಬರ್. ಸ್ಟೀಮ್, ಬಿಸಿನೀರು, ಬ್ರೇಕ್ ಆಯಿಲ್ ಮೂರಕ್ಕೂ ಅದೇ. ಹಾಕುವಾಗ ಮಾತ್ರ ಮಾಮೂಲಿ ಗ್ರೀಸ್ ಮುಟ್ಟಿಸಬೇಡಿ, ಊದಿಕೊಳ್ಳುತ್ತದೆ. ಸಿಲಿಕೋನ್ ಗ್ರೀಸ್ ಬಳಸಿ. ಬಣ್ಣ ನೋಡಿ ಕೊಳ್ಳಲೂಬೇಡಿ, ನೈಟ್ರೈಲೂ ಕಪ್ಪು, ಇಪಿಡಿಎಂ ಕೂಡ ಕಪ್ಪು. ಎರಡರಲ್ಲಿ ಯಾವುದು ಅಂತ ಅನುಮಾನ ಬಂದರೆ ಒಂದು ರಿಂಗನ್ನು ಎರಡು ದಿನ ಡೀಸೆಲ್‌ನಲ್ಲಿ ಮುಳುಗಿಸಿಡಿ. ಆಚೆ ತೆಗೆದಾಗ ಇನ್ನೊಂದು ಹೊಸ ರಿಂಗಿಗಿಂತ ಚೆನ್ನಾಗಿ ಊದಿದ್ದರೆ ಇಪಿಡಿಎಂ. ಆ ರಿಂಗನ್ನು ಮತ್ತೆ ಡಬ್ಬಿಗೆ ಹಾಕಬೇಡಿ.