ಮುಳುಗುವವರು ಕೂಗುವುದಿಲ್ಲ ಯಾಕೆ?

ಪಕ್ಕದಲ್ಲೇ ಜನ ಇದ್ದರೂ ಒಬ್ಬರು ಮುಳುಗುವುದು ಗೊತ್ತಾಗುವುದಿಲ್ಲ ಯಾಕೆ, ಕೂಗಬಹುದಲ್ವಾ ಅಂತ ಕೇಳಿದ್ದೀರಿ. ಕೂಗಲು ಆಗುವುದಿಲ್ಲ, ಅದೇ ತೊಂದರೆ. ಬಾಯಿ ನೀರಿನಿಂದ ಮೇಲೆ ಬರುವುದೇ ಒಂದು ಕ್ಷಣ, ಅಷ್ಟರಲ್ಲಿ ಉಸಿರು ಎಳೆದುಕೊಳ್ಳುವುದೇ ಕಷ್ಟ. ಕೈಗಳು ತಾವಾಗಿಯೇ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಬೀಸಿ ಕರೆಯಲು ಬರುವುದಿಲ್ಲ. ದೇಹ ನೆಟ್ಟಗೆ ನಿಂತಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ. ನೋಡುವವರಿಗೆ ಸುಮ್ನೆ ಆಟ ಆಡುತ್ತಿದ್ದಾರೆ ಅನ್ನಿಸುತ್ತದೆ. ಇದನ್ನು ಗಮನಿಸಿ ವಿವರಿಸಿದವರು ಫ್ರಾಂಕ್ ಪಿಯಾ ಎಂಬ ಅಮೆರಿಕದ ಜೀವರಕ್ಷಕ. ಅವರ ಪ್ರಕಾರ ಈ ಹೋರಾಟ 20ರಿಂದ 60 ಸೆಕೆಂಡ್ ಅಷ್ಟೇ. ನೀವು ಒಂದು ಮೆಸೇಜ್ ಓದುವಷ್ಟು ಹೊತ್ತು!

ಈಜು ಬರುತ್ತದೆ ಅನ್ನುವ ಧೈರ್ಯವೂ ಜಾಸ್ತಿ ಬೇಡ. ತುಂಬಾ ತಣ್ಣಗಿನ ನೀರಿಗೆ ಬಿದ್ದರೆ ತಡೆಯಲಾಗದೆ ಏದುಸಿರು ಬರುತ್ತದೆ, ಆಗ ನೀರು ಒಳಗೆ ಹೋಗುತ್ತದೆ. ಮೊದಲು ಅಂಗಾತ ತೇಲಿ, ಉಸಿರು ಹತೋಟಿಗೆ ಬಂದ ಮೇಲೆ ಈಜಿ. ಕುಡಿದು ನೀರಿಗಿಳಿಯುವವರ ಬಗ್ಗೆ ಹೇಳುವುದೇ ಬೇಡ.

ಅನುಮಾನ ಬಂದರೆ ಮಾತಾಡಿಸಿ ನೋಡಿ. ಉತ್ತರ ಬರದಿದ್ದರೆ ಸಹಾಯಕ್ಕೆ ಕೂಗಿ, ಕೋಲು ಚಾಚಿ, ಹಗ್ಗವನ್ನೋ ಮುಚ್ಚಳ ಹಾಕಿದ ಖಾಲಿ ಕ್ಯಾನನ್ನೋ ಎಸೆಯಿರಿ. ತರಬೇತಿ ಇಲ್ಲದೆ ನೀವೇ ಹಾರಬೇಡಿ, ಗಾಬರಿಯಲ್ಲಿ ಅವರು ನಿಮ್ಮನ್ನೇ ಹಿಡಿದು ಕೆಳಕ್ಕೆ ಒತ್ತಿಬಿಡಬಹುದು. ಚಿಕ್ಕ ಮಕ್ಕಳು ನೀರಿನಲ್ಲಿದ್ದರೆ ಕೈಗೆಟುಕುವ ದೂರದಲ್ಲೇ ಇರಿ.